ಹೊಂಬಿಸಿಲಿನಲ್ಲಿ ಮುಖದ ಫೋಟೋ ತೆಗೆಯಬೇಕು ಅಂದ್ರೆ

ಕೆರೆ ಏರಿಯ ಮೇಲೆ ಸಂಜೆ ನಾಲ್ಕಕ್ಕೆ ತಂಗಿಯ ಫೋಟೋ ತೆಗೆದೆ, ಮುಖ ಬಿಳಿಚಿಕೊಂಡಿದೆ, ಕಣ್ಣ ಕೆಳಗೆ ಕಪ್ಪು ನೆರಳು ಬಿದ್ದಿದೆ, ಬೇರೆಯವರ ಫೋಟೋಗಳಲ್ಲಿ ಕಾಣುವ ಬೆಚ್ಚಗಿನ ಬೆಳಕು ನನಗೆ ಬರುತ್ತಿಲ್ಲ ಅಂತ ಬರೆದಿದ್ದೀರಿ. 50 ಎಂಎಂ ಲೆನ್ಸ್ ಇದೆ, ಇನ್ನು ಫ್ಲ್ಯಾಶ್ ಕೊಳ್ಳಬೇಕಾ, ಫೋಟೋದ ಬಣ್ಣ ಬದಲಿಸುವ ರೆಡಿಮೇಡ್ ಪ್ರೀಸೆಟ್ ಕೊಳ್ಳಬೇಕಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಆ ಲೆನ್ಸ್ ಧಾರಾಳವಾಗಿ ಸಾಕು. ನೀವು ಹೋದ ಹೊತ್ತು ಸರಿಯಿರಲಿಲ್ಲ, ಅಷ್ಟೇ. ಜೊತೆಗೆ ಕ್ಯಾಮೆರಾದಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಬೇಕು.

ಮೊದಲು ಹೊತ್ತಿನ ವಿಷಯ. ನಾಲ್ಕು ಗಂಟೆಯ ಸೂರ್ಯ ಇನ್ನೂ ಎತ್ತರದಲ್ಲೇ ಇರುತ್ತಾನೆ. ಬೆಳಕು ಮೇಲಿಂದ ಬೀಳುತ್ತದೆ, ಹುಬ್ಬಿನ ನೆರಳು ಕಣ್ಣಿನ ಗುಳಿಯಲ್ಲಿ ಕೂರುತ್ತದೆ. ಸೂರ್ಯ ದಿಗಂತದ ಹತ್ತಿರ ಬಂದಾಗ ಬೆಳಕು ತುಂಬಾ ಉದ್ದದ ಗಾಳಿಯ ಪದರ ದಾಟಿ ಬರಬೇಕು. ದಾರಿಯಲ್ಲಿ ನೀಲಿ ಬಣ್ಣ ಚೆದುರಿಹೋಗಿ ಕೆಂಪು, ಹಳದಿ ಜಾಸ್ತಿ ಉಳಿಯುತ್ತವೆ. ಅದೇ ಹೊಂಬಿಸಿಲು. ದನಗಳು ಮನೆಗೆ ಬರುವಾಗ ಎದ್ದ ಧೂಳು ಇದೇ ಬೆಳಕಿನಲ್ಲಿ ಹೊಳೆಯುತ್ತದೆ. ಆ ಹೊತ್ತಿಗೆ ನಮ್ಮ ಹಿರಿಯರು ಗೋಧೂಳಿ ಅಂತ ಹೆಸರೇ ಇಟ್ಟಿದ್ದಾರೆ.

ಹೊರದೇಶದ ವಿಡಿಯೋಗಳಲ್ಲಿ ಇದನ್ನು ಗೋಲ್ಡನ್ ಅವರ್ ಅಂತಾರೆ, ಅಂದರೆ ಒಂದು ಗಂಟೆ. ಅದನ್ನು ನಂಬಿ ನಾನು ಒಂದು ದಿನ ಪೂರ್ತಿ ಕಳೆದುಕೊಂಡೆ. ಗೆಳೆಯನ ಮದುವೆಗೆ ಮುಂಚಿನ ಫೋಟೋ, ಬೆಂಗಳೂರಿನ ಹೊರಗೆ ಒಂದು ಗುಡ್ಡ, ನವೆಂಬರ್ ತಿಂಗಳು. ಐದೂಕಾಲಿಗೆ ತಲುಪಿ, ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ಸೀರೆ ಸರಿಪಡಿಸಿಕೊಂಡು, ಜಾಗ ಹುಡುಕಿಕೊಂಡು ಕೂತೆವು. ಸರಿಯಾಗಿ ನಿಲ್ಲುವ ಹೊತ್ತಿಗೆ ಗುಡ್ಡದ ಮೇಲೆ ಬಿಸಿಲೇ ಇಲ್ಲ. ಮದುವೆ ಹುಡುಗಿಯ ಮುಖ ಸಪ್ಪಗಾದದ್ದು ಇನ್ನೂ ನೆನಪಿದೆ. ನವೆಂಬರ್ ಮಧ್ಯದಲ್ಲಿ ಬೆಂಗಳೂರಿನಲ್ಲಿ 5:50ಕ್ಕೇ ಸೂರ್ಯಾಸ್ತ. ಜುಲೈ ಶುರುವಿನಲ್ಲಿ ಅದೇ 6:50ರ ಹತ್ತಿರ. ಒಂದು ಗಂಟೆಯ ವ್ಯತ್ಯಾಸ!

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ನಾವಿರುವುದು ಭೂಮಧ್ಯರೇಖೆಗೆ ಹತ್ತಿರ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಹೊಂಬಿಸಿಲು ಸಿಗುವ ಕೊನೆಯ ಆರು ಡಿಗ್ರಿ ಇಳಿಯಲು ಇಲ್ಲಿ ಸುಮಾರು 25 ನಿಮಿಷ ಸಾಕು. ಜೂನ್ ತಿಂಗಳ ಲಂಡನ್‌ನಲ್ಲಿ ಅವನು ಓರೆಯಾಗಿ ಜಾರುತ್ತಾ ಹೋಗುವುದರಿಂದ ಅದೇ ಆರು ಡಿಗ್ರಿಗೆ 50 ನಿಮಿಷ ಬೇಕು. ಹಾಗಾಗಿ ನಮ್ಮದು ಗೋಲ್ಡನ್ ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು ಹತ್ತು ಡಿಗ್ರಿ. ಸೂರ್ಯನಿಗೂ ದಿಗಂತಕ್ಕೂ ನಡುವೆ ಒಂದೇ ಮುಷ್ಟಿ ಉಳಿದಿದ್ದರೆ ಸೂರ್ಯಾಸ್ತಕ್ಕೆ ಇರುವುದು ಸುಮಾರು 40 ನಿಮಿಷ. ಸೂರ್ಯನನ್ನೇ ದಿಟ್ಟಿಸಬೇಡಿ, ಅಂದಾಜು ನೋಡಿಕೊಂಡರೆ ಸಾಕು. ಮಲೆನಾಡಿನಲ್ಲಿ, ಸುತ್ತ ಗುಡ್ಡ ಇರುವ ಕಡೆ, ಗುಡ್ಡದ ತುದಿಯೇ ನಿಮ್ಮ ದಿಗಂತ. ಅಲ್ಲಿ ಇನ್ನೂ ಬೇಗ ಹೋಗಬೇಕು.

ಈಗ ಆ ಸೆಟ್ಟಿಂಗ್. ವೈಟ್ ಬ್ಯಾಲೆನ್ಸ್, ಅಂದರೆ ಫೋಟೋದ ಬಣ್ಣ ಬೆಚ್ಚಗೋ ತಣ್ಣಗೋ ಅಂತ ನಿರ್ಧರಿಸುವ ಸೆಟ್ಟಿಂಗ್, ಆಟೋದಲ್ಲಿ ಇದೆ ಅಲ್ವಾ? ಅದನ್ನು ತೆಗೆಯಿರಿ. ಬೆಳಕಿನಲ್ಲಿರುವ ಬಣ್ಣ ತೆಗೆದು ಬಿಳಿಯನ್ನು ಬಿಳಿಯಾಗಿ ತೋರಿಸುವುದೇ ಆಟೋದ ಕೆಲಸ. ಹೊಂಬಿಸಿಲು ಕಂಡರೆ ಅದು ತಪ್ಪು ಅಂದುಕೊಂಡು ನೀಲಿ ಸೇರಿಸುತ್ತದೆ. ನೀವು ಕಾದು ಕಾದು ಹಿಡಿದ ಬಣ್ಣವನ್ನು ಅದೇ ಒರೆಸಿಬಿಡುತ್ತದೆ.

ಇದು ನನಗೆ ಅರ್ಥವಾದದ್ದು ಪುತ್ತೂರಿನ ಹತ್ತಿರ ಅಜ್ಜಿ ಮನೆಯಲ್ಲಿ. ಜನವರಿ. ಅಂಗಳದ ತುಂಬಾ ಹಣ್ಣಡಿಕೆ ಒಣಗಲು ಹರಡಿದ್ದರು. ಬೆಳಿಗ್ಗೆ ಎಂಟೂವರೆ ಇರಬೇಕು, ಬಿಸಿಲು ತೋಟ ದಾಟಿ ಆಗಷ್ಟೇ ಅಂಗಳಕ್ಕೆ ಇಳಿದಿತ್ತು. ಅಜ್ಜಿ ಜಗಲಿಯ ನೆರಳಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ನೆತ್ತಿಯ ಮೇಲೆ ಬಿಸಿಲಿಲ್ಲ, ಆದರೆ ಮುಖ ಹೊಳೆಯುತ್ತಿತ್ತು. ಗಲ್ಲದ ಕೆಳಗೆ, ಕೆನ್ನೆಯ ಸುಕ್ಕುಗಳ ಒಳಗೆ, ಮೂಗುತಿಯ ಪಕ್ಕ, ಎಲ್ಲಾ ಕಡೆ ಕಿತ್ತಳೆ ಬಣ್ಣ. ಅಂಗಳದ ಅಡಿಕೆಯಿಂದ ಪುಟಿದು ಬಂದ ಬೆಳಕು ಅದು. ನಾನು ಫೋಟೋ ತೆಗೆದೆ. ಪರದೆಯಲ್ಲಿ ನೋಡಿದರೆ ಅಜ್ಜಿಯ ಮುಖ ಬೂದಿ ಬಣ್ಣ. ಆಟೋ ಕೆಲಸ ಮಾಡಿತ್ತು. ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಹಾಕಿ ಇನ್ನೊಂದು ತೆಗೆದೆ. ಕಣ್ಣಿಗೆ ಕಂಡದ್ದು ಹಾಗೇ ಬಂತು. ಆ ಎರಡನೇ ಫೋಟೋ ಈಗ ಅಮ್ಮನ ಕೋಣೆಯ ಗೋಡೆಯಲ್ಲಿದೆ. ಅಜ್ಜಿ ಈಗ ಇಲ್ಲ.

ಡೇಲೈಟ್ ಅಂದರೆ ಸುಮಾರು 5200ರಿಂದ 5500 ಕೆಲ್ವಿನ್, ಬೆಳಕಿನ ಬಣ್ಣ ಅಳೆಯುವ ಮಾನ ಅದು. ಇನ್ನೂ ಸ್ವಲ್ಪ ಬೆಚ್ಚಗೆ ಬೇಕಾದರೆ ಕ್ಲೌಡಿ, ಅದು 6000ದ ಆಸುಪಾಸು. ನಾನು ಹೆಚ್ಚಾಗಿ ಇಲ್ಲೇ ಇಟ್ಟಿರುತ್ತೇನೆ. ಶೇಡ್‌ಗೆ ಹೋದರೆ 7000 ದಾಟುತ್ತದೆ, ಹೊಂಬಿಸಿಲಿನಲ್ಲಿ ಅಷ್ಟು ಬೇಡ, ಮುಖಕ್ಕೆ ಅರಿಶಿನ ಮೆತ್ತಿದ ಹಾಗೆ ಆಗುತ್ತದೆ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್‌ನಲ್ಲಿ ತೆಗೆಯಿರಿ, ಮನೆಗೆ ಬಂದ ಮೇಲೆ ಸರಿಪಡಿಸಲು ಜಾಗ ಇರುತ್ತದೆ.

ಇನ್ನು ತಂಗಿಯನ್ನು ಎಲ್ಲಿಗೆ ಮುಖ ಮಾಡಿ ನಿಲ್ಲಿಸಬೇಕು? ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಿಸಿ. ಕೂದಲಿನ ಅಂಚು, ಭುಜ, ಕಿವಿಯ ಓಲೆ ಎಲ್ಲಾ ಬಂಗಾರದ ಗೆರೆ ಎಳೆದ ಹಾಗೆ ಹೊಳೆಯುತ್ತವೆ. ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ ಕೂದಲಂತೂ ಈ ಬೆಳಕಿನಲ್ಲಿ ಬಲು ಚೆಂದ. ಕಣ್ಣು ಕಿರಿದಾಗುವುದಿಲ್ಲ, ಮುಖ ಸಡಿಲವಾಗಿರುತ್ತದೆ. ಆದರೆ ಹಿಂದಿನ ಬೆಳಕು ಕಂಡು ಕ್ಯಾಮೆರಾ ಮುಖವನ್ನು ಕಪ್ಪು ಮಾಡುತ್ತದೆ. ಕ್ಯಾಮೆರಾದ ಬೆಳಕಿನ ಅಳತೆಗಿಂತ ಒಂದು ಹಂತ (+1) ಜಾಸ್ತಿ ಬೆಳಕು ಕೊಡಿ. ಅಪರ್ಚರ್ (ಲೆನ್ಸ್ ತೆರೆಯುವ ಅಗಲ) 2.8, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/250 ಸೆಕೆಂಡ್ ಇಟ್ಟು ಶುರು ಮಾಡಿ. ಬೆಳಕು ಇಳಿದ ಹಾಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸುತ್ತಾ ಹೋಗಿ, 800 ಆದರೂ ಹೆದರಬೇಡಿ. ಸೂರ್ಯ ನೇರವಾಗಿ ಲೆನ್ಸ್‌ಗೆ ಹೊಡೆದರೆ ಫೋಟೋ ಹಾಲು ಕದಡಿದ ಹಾಗೆ ಮಂಕಾಗುತ್ತದೆ. ಆಗ ಅವನನ್ನು ಒಂದು ಮರದ ಹಿಂದೆ, ಇಲ್ಲವೇ ಅವಳ ತಲೆಯ ಹಿಂದೆಯೇ ಬರುವಂತೆ ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಒಂದು ತೊಡಕಿದೆ. ಬೆನ್ನಿಗೆ ಬಿಸಿಲು ಬಿದ್ದಾಗ ಅವಳ ಮುಖದ ಮೇಲೆ ಬೀಳುವುದು ಎದುರಿನ ಆಕಾಶದ ಬೆಳಕು. ಅದು ನೀಲಿ. ಕೂದಲು ಬಂಗಾರ, ಮುಖ ತಣ್ಣಗೆ. ಆ ಬಿಸಿಲನ್ನು ಮುಖಕ್ಕೆ ವಾಪಸ್ ಪುಟಿಸಲು ಎದುರಿಗೆ ಏನಾದರೂ ಬೇಕು. ಅಜ್ಜಿಗೆ ಅಡಿಕೆ ಮಾಡಿದ ಕೆಲಸ ಅದೇ. ಒಂದು ಬಿಳಿ ಪಂಚೆಯನ್ನು ಇಬ್ಬರು ಹಿಡಿದರೂ ಆಯಿತು, ಥರ್ಮೋಕೋಲ್ ಹಲಗೆಯೂ ಆಗುತ್ತದೆ. ಅಂಗಡಿಯ ಬಂಗಾರದ ಬಣ್ಣದ ರಿಫ್ಲೆಕ್ಟರ್ ನನಗೆ ಇಷ್ಟವಿಲ್ಲ, ಚರ್ಮದ ನಿಜವಾದ ಬಣ್ಣವನ್ನೇ ನುಂಗುತ್ತದೆ. ನಮ್ಮ ಊರುಗಳಲ್ಲಿ ರಿಫ್ಲೆಕ್ಟರ್‌ಗಳು ಸುಮ್ನೆ ಬಿದ್ದಿವೆ. ಕರಾವಳಿಯ ಮುರಕಲ್ಲಿನ ಗೋಡೆ, ಸುಣ್ಣ ಬಳಿದ ಗೋಡೆ, ಕೆಮ್ಮಣ್ಣಿನ ದಾರಿ, ಹಂಪಿಯ ಬಂಡೆ, ಯಾವುದಾದರೂ ಸರಿ, ಅದರ ಮೇಲೆ ಬಿಸಿಲು ಬಿದ್ದಿರಬೇಕು, ಅವಳು ಅದಕ್ಕೆ ಮುಖ ಮಾಡಿರಬೇಕು. ಹಸಿರು ಹುಲ್ಲು, ಗದ್ದೆಯ ಪೈರಿನಲ್ಲಿ ಮಾತ್ರ ಹುಷಾರು. ಗಲ್ಲದ ಕೆಳಗೆ ಹಸಿರು ಬಣ್ಣ ಪುಟಿಯುತ್ತದೆ, ತೆಗೆಯುವಾಗ ಗೊತ್ತೇ ಆಗುವುದಿಲ್ಲ.

ಸೂರ್ಯ ಇನ್ನೇನು ಮುಳುಗುತ್ತಾನೆ ಅನ್ನುವಾಗ ಬೆಳಕು ಮೆತ್ತಗಾಗಿರುತ್ತದೆ. ಆಗ ಅವಳನ್ನು ಅರ್ಧ ತಿರುಗಿಸಿ, ಒಂದು ಕೆನ್ನೆಗೆ ಬಿಸಿಲು ಬೀಳಲಿ. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಎರಡು ಮೂರು ಅಂದಾಗ ತೆರೆಯಲಿ. ತೆರೆದ ಕ್ಷಣಕ್ಕೆ ಒತ್ತಿ.

ದಯವಿಟ್ಟು ಆಮೇಲೆ ಮುಖ ಬೆಳ್ಳಗೆ ಮಾಡಬೇಡಿ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣಕ್ಕೆ ಈ ಬೆಳಕು ಒಪ್ಪುವಷ್ಟು ಬೇರೆ ಯಾವುದೂ ಒಪ್ಪುವುದಿಲ್ಲ. ಕೆನ್ನೆಯ ಮೂಳೆ, ಹಣೆ, ಮೂಗಿನ ತುದಿಯಲ್ಲಿ ಬೆಳಕು ನಿಲ್ಲುವ ರೀತಿಯೇ ಬೇರೆ. ಬೆಳ್ಳಗೆ ಮಾಡಿದರೆ ಮೊದಲು ಹೋಗುವುದು ಅದೇ.

ಮೋಡ ಕವಿದ ದಿನ ಹೊಂಬಿಸಿಲಿಗೆ ಕಾಯಬೇಡಿ, ಇನ್ನೊಂದು ದಿನ ಹೋಗಿ. ಸಂಜೆ ಕೆರೆ ಹತ್ತಿರ ಜನ ಜಾಸ್ತಿ, ತಂಗಿಗೆ ಮುಜುಗರ ಅಂತಾದರೆ ಬೆಳಿಗ್ಗೆ ಹೋಗಿ. ಎಳೆ ಬಿಸಿಲೂ ಅಷ್ಟೇ ಬೆಚ್ಚಗಿರುತ್ತದೆ, ಕೆರೆ ಏರಿಯಲ್ಲಿ ಯಾರೂ ಇರುವುದಿಲ್ಲ.

ಸಂಜೆಯೇ ಹೋಗುವುದಾದರೆ ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಅಲ್ಲಿರಿ. ಮೊದಲ ಅರ್ಧ ಗಂಟೆ ಜಾಗ ನೋಡಲು, ಸೆಟ್ಟಿಂಗ್ ಸರಿ ಮಾಡಲು, ತಂಗಿ ಕ್ಯಾಮೆರಾಗೆ ಒಗ್ಗಲು. ಸೂರ್ಯ ಮುಳುಗಿದ ಕೂಡಲೇ ಬ್ಯಾಗ್ ಕಟ್ಟಬೇಡಿ. ಇನ್ನೂ ಹತ್ತು ನಿಮಿಷ ಪಡುವಣ ಆಕಾಶ ಕೆಂಪಗಿರುತ್ತದೆ. ಈಗ ಅವಳನ್ನು ಆ ಕಡೆಗೇ ಮುಖ ಮಾಡಿ ನಿಲ್ಲಿಸಿ, ಶಟರ್ 1/125ಕ್ಕೆ ಇಳಿಸಿ. ಕಣ್ಣು ಕಿರಿದಾಗುವುದಿಲ್ಲ, ಮುಖದ ಮೇಲೆ ಒಂದೂ ಗಡುಸು ನೆರಳಿರುವುದಿಲ್ಲ, ಮತ್ತು ಕಣ್ಣೊಳಗೆ ನೋಡಿದರೆ ಇಡೀ ಕೆಂಪು ಆಕಾಶ ಸಣ್ಣದಾಗಿ ಕಾಣುತ್ತದೆ.