ನಿಮಿಷಕ್ಕೆ ಹತ್ತು ಲಕ್ಷ ಗುಂಡು: ಅದನ್ನು ಹೊರುವ ವಾಹನ ಯಾವುದು?

ಓದುಗರ ಪತ್ರ: "36 ನಳಿಗೆಗಳ ಒಂದು ಪ್ರಾಯೋಗಿಕ ಬಂದೂಕು ನಿಮಿಷಕ್ಕೆ 10 ಲಕ್ಷಕ್ಕೂ ಹೆಚ್ಚು ಗುಂಡು ಹಾರಿಸುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ಸೇನೆಗಳು ಅದನ್ನು ಎಲ್ಲ ಟ್ಯಾಂಕು, ಕವಚ ವಾಹನಗಳ ಮೇಲೆ ಯಾಕೆ ಕೂರಿಸಿಲ್ಲ? ಅಷ್ಟು ವೇಗದಿಂದ ನಿಜವಾದ ಉಪಯೋಗ ಏನು? ತೀರ್ಮಾನ ನಿಮ್ಮ ಕೈಯಲ್ಲಿದ್ದರೆ ಏನನ್ನು ಕೂರಿಸುತ್ತಿದ್ದಿರಿ?"

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ಪುಟ್ಟ ಸುದ್ದಿಯಲ್ಲಿ ಸಂಖ್ಯೆ ಕೊಟ್ಟೆವು, ಅದು ಎಲ್ಲಿಂದ ಬಂತೆಂದು ಹೇಳಲಿಲ್ಲ. ನೀವು ಕೇಳಿದ್ದರಿಂದ ಅದನ್ನು ಬಿಡಿಸಿ ಹೇಳುವ ಅವಕಾಶ ಸಿಕ್ಕಿತು.

ಆ ಬಂದೂಕು ಆಸ್ಟ್ರೇಲಿಯಾದ ಮೈಕ್ ಓಡ್ವಯರ್ ಕಂಡುಹಿಡಿದ 'ಮೆಟಲ್ ಸ್ಟಾರ್ಮ್'. ಪ್ರದರ್ಶನದಲ್ಲಿ ಅದು ಹಾರಿಸಿದ್ದು ಒಟ್ಟು 180 ಗುಂಡು, ತೆಗೆದುಕೊಂಡ ಸಮಯ ಸೆಕೆಂಡಿನ ನೂರನೇ ಒಂದು ಭಾಗ. ಅದೇ ವೇಗದಲ್ಲಿ ಇಡೀ ನಿಮಿಷ ಹಾರಿಸಿದ್ದರೆ ಎಂದು ಗುಣಿಸಿದಾಗ 10 ಲಕ್ಷ 80 ಸಾವಿರ ಬರುತ್ತದೆ. ಆದರೆ ಆ ನಿಮಿಷ ಯಾವತ್ತೂ ನಡೆಯಲಿಲ್ಲ, ನಡೆಯುವಂತೆಯೂ ಇರಲಿಲ್ಲ. 36 ನಳಿಗೆಗೆ 180 ಗುಂಡು ಅಂದರೆ ನಳಿಗೆಗೆ ಐದು. ಐದು ಹಾರಿದ ಮೇಲೆ ನಳಿಗೆ ಖಾಲಿ. 10 ಲಕ್ಷ ಗುಂಡು ಹಾರಿಸಬೇಕಾದರೆ ಇಂಥ 2 ಲಕ್ಷ ನಳಿಗೆ ಬೇಕು. 9 ಮಿಲಿಮೀಟರ್ ಗುಂಡೊಂದು ಸುಮಾರು 8 ಗ್ರಾಮ್ ತೂಗುತ್ತದೆ. ಹಾಗಾಗಿ ಸಿಡಿಮದ್ದು, ನಳಿಗೆ ಯಾವುದನ್ನೂ ಸೇರಿಸದೆ ಬರೀ ಸೀಸವೇ 8 ಟನ್ ಆಯಿತು. ಎಂ113 ಎಂಬ ಪ್ರಸಿದ್ಧ ಕವಚ ವಾಹನದ ಇಡೀ ತೂಕವೇ ಸುಮಾರು 12 ಟನ್.

ಹಾಗೆಂದು ಆ ಯೋಚನೆ ಪೊಳ್ಳಲ್ಲ. ಅದರ ಒಳಗನ್ನು ನೋಡಿದರೆ ಯಾರಿಗಾದರೂ ಮೆಚ್ಚುಗೆಯಾಗುತ್ತದೆ. ಮಾಮೂಲಿ ಬಂದೂಕಿನಲ್ಲಿ ತೋಟಾ ಒಳಗೆ ಬರಬೇಕು, ಬಾಗಿಲು ಮುಚ್ಚಬೇಕು, ಸಿಡಿಯಬೇಕು, ಖಾಲಿ ಕೋಶ ಹೊರಬೀಳಬೇಕು. ಇಲ್ಲಿ ಅದೊಂದೂ ಇಲ್ಲ. ಗುಂಡು, ಮದ್ದು, ಗುಂಡು, ಮದ್ದು ಎಂದು ಒಂದರ ಹಿಂದೆ ಒಂದನ್ನು ನಳಿಗೆಯೊಳಗೇ ಪೇರಿಸಿಟ್ಟಿರುತ್ತಾರೆ. ಎಲ್ಲಕ್ಕಿಂತ ಮುಂದಿರುವ ಗುಂಡಿನ ಮದ್ದಿಗೆ ವಿದ್ಯುತ್ ಕಿಡಿ ತಾಕುತ್ತದೆ. ಅದು ಸಿಡಿದ ಒತ್ತಡಕ್ಕೆ ಅದರ ಹಿಂದೆ ಕೂತ ಗುಂಡು ಅಗಲವಾಗಿ ಉಬ್ಬಿ ನಳಿಗೆಯ ಗೋಡೆಗೆ ಬಿಗಿದುಕೊಳ್ಳುತ್ತದೆ, ಬೆಂಕಿ ತನ್ನ ಹಿಂದಿರುವ ಮದ್ದಿಗೆ ದಾಟದಂತೆ ತಾನೇ ಬಿರಡೆಯಾಗುತ್ತದೆ. ಚಲಿಸುವ ಯಂತ್ರಭಾಗ ಇಲ್ಲ, ಸಿಕ್ಕಿಕೊಳ್ಳುವ ತೋಟಾ ಪಟ್ಟಿ ಇಲ್ಲ. ತೊಂದರೆ ಇರುವುದೂ ಅಲ್ಲೇ. ತುದಿಯ ಹತ್ತಿರ ಕೂತ ಗುಂಡಿಗೆ ಓಡಲು ಸಿಗುವ ನಳಿಗೆ ಗಿಡ್ಡ, ಬುಡದಲ್ಲಿರುವುದಕ್ಕೆ ಉದ್ದ. ಹಾಗಾಗಿ ಎಲ್ಲ ಗುಂಡುಗಳೂ ಒಂದೇ ವೇಗದಲ್ಲಿ ಹೊರಬರುವಂತೆ ಮಾಡುವುದು ಕಷ್ಟ, ದೂರದ ಗುರಿಗೆ ಅದು ದೊಡ್ಡ ಕೊರತೆ. ಮತ್ತೆ ತುಂಬಿಸುವುದೆಂದರೆ ನಳಿಗೆಯನ್ನೇ ಬದಲಿಸುವುದು, ಗುಂಡು ಹಾರುತ್ತಿರುವ ಬಯಲಲ್ಲಿ ಅದನ್ನು ಸೈನಿಕನೊಬ್ಬ ಹೊರಬಂದು ಮಾಡಬೇಕು. ಕಂಪನಿ ಆಮೇಲೆ 40 ಮಿಲಿಮೀಟರ್ ಗ್ರೆನೇಡ್‌ಗಳತ್ತ ಹೊರಳಿತು. 2012ರಲ್ಲಿ ಹಣಕಾಸು ಕೈಕೊಟ್ಟು ಆಡಳಿತಾಧಿಕಾರಿಗಳ ಕೈಸೇರಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನನಗೆ ಇದೇ ಮುಖ್ಯವೆನಿಸುತ್ತದೆ. ಅಷ್ಟು ವೇಗ ಯಾಕೆ ಬೇಕು?

ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾದುಹೋಗುವ ವಿಮಾನ ಸೆಕೆಂಡಿಗೆ 250 ಮೀಟರ್ ಸಾಗುತ್ತದೆ. ನಿಮಿಷಕ್ಕೆ 600 ಗುಂಡು ಹಾರಿಸುವ ಮೆಷಿನ್ ಗನ್ ಸೆಕೆಂಡಿಗೆ 10 ಗುಂಡು ಕಳಿಸುತ್ತದೆ. ಎಂದರೆ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ವಿಮಾನ 25 ಮೀಟರ್ ಮುಂದೆ ಹೋಗಿರುತ್ತದೆ. ಯುದ್ಧವಿಮಾನದ ಉದ್ದ ಸುಮಾರು 15 ಮೀಟರ್. ಗುರಿ ಕೂದಲೆಳೆಯಷ್ಟೂ ತಪ್ಪದಿದ್ದರೂ ಇಡೀ ವಿಮಾನ ಎರಡು ಗುಂಡುಗಳ ನಡುವಿನ ಸಂದಿಯಲ್ಲಿ ನುಸುಳಿ ಹೋಗಬಹುದು. ಸೋವಿಯತ್ ಒಕ್ಕೂಟದ ಶಿಲ್ಕಾ ವಾಹನ ನಾಲ್ಕು ನಳಿಗೆಗಳಿಂದ ನಿಮಿಷಕ್ಕೆ ಸುಮಾರು 3,400 ಗುಂಡು ಹಾರಿಸುತ್ತದೆ. ಅಲ್ಲಿ ಆ ಸಂದಿ ಸುಮಾರು ನಾಲ್ಕೂವರೆ ಮೀಟರಿಗೆ ಇಳಿಯುತ್ತದೆ. ವೇಗವಾಗಿ ಗುಂಡು ಹಾರಿಸುವ ಆಯುಧ ಮಾಡುವ ಕೆಲಸ ಇಷ್ಟೇ: ಗುಂಡುಗಳ ನಡುವಿನ ಸಂದಿಯನ್ನು ಗುರಿಗಿಂತ ಚಿಕ್ಕದು ಮಾಡುವುದು. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಕ್ಷಿಪಣಿಗೆ ಹೆದರಿ ಕೆಳಗಿಳಿದು ಹಾರಿದ ವಿಮಾನಗಳಿಗೆ ಶಿಲ್ಕಾ ಅಷ್ಟು ಅಪಾಯಕಾರಿಯಾದದ್ದು ಇದರಿಂದಲೇ.

ನೆಲದ ಗುರಿಗೆ ಈ ಲೆಕ್ಕ ಬೇಕಿಲ್ಲ. ಗೋಡೆಯೋ ನಿಂತ ವಾಹನವೋ ಎರಡು ಗುಂಡಿನ ನಡುವೆ ಓಡಿಹೋಗುವುದಿಲ್ಲ. ಅಮೆರಿಕದ ಬ್ರ್ಯಾಡ್ಲಿ ವಾಹನದ 25 ಮಿಲಿಮೀಟರ್ ತೋಪನ್ನು ನಿಮಿಷಕ್ಕೆ 200 ಗುಂಡಿಗೆ ಸೀಮಿತಗೊಳಿಸಿದ್ದಾರೆ. ಅದಕ್ಕಿಂತ ವೇಗದ ತೋಪು ಆಗಲೇ ಇದ್ದವು. ಆದರೂ ನಿಧಾನವನ್ನು ಬೇಕೆಂದೇ ಆರಿಸಿಕೊಂಡರು. ನಿಧಾನವಾಗಿ ಹಾರಿಸಿದರೆ ಮೊದಲ ಗುಂಡು ಎಲ್ಲಿ ಬಿತ್ತೆಂದು ನೋಡಿ ಎರಡನೆಯದನ್ನು ತಿದ್ದಬಹುದು, ಮದ್ದುಗುಂಡೂ ಉಳಿಯುತ್ತದೆ. ಶಿಲ್ಕಾವನ್ನು ಅಫ್ಘಾನಿಸ್ತಾನದ ಕಣಿವೆಗಳಲ್ಲಿ ನೆಲದ ಗುರಿಗಳ ಮೇಲೆ ಬಳಸಿದ್ದು ನಿಜ. ಆದರೆ ಅಲ್ಲಿ ಬೇಕಾಗಿದ್ದು ಅದರ ಕತ್ತು, ವೇಗ ಆಮೇಲಿನ ಮಾತು. ಟ್ಯಾಂಕಿನ ತೋಪು ಏರಲಾರದಷ್ಟು ಮೇಲಕ್ಕೆ ಅದರ ನಳಿಗೆಗಳು ಏರುತ್ತಿದ್ದವು, ಬೆಟ್ಟದ ನೆತ್ತಿಯಲ್ಲಿ ಅಡಗಿದವರಿಗೂ ಗುರಿಯಿಡಬಹುದಿತ್ತು. ಅಲ್ಲಿಗೆಂದೇ ಮಾಡಿದ ಮಾದರಿಯಲ್ಲಿ ರಾಡಾರ್ ಕಿತ್ತುಹಾಕಿ ಆ ಜಾಗಕ್ಕೂ ಗುಂಡು ತುಂಬಿದರು.

ಗುಂಡಿಗೆ ಜಾಗ ಎಂಬ ಮಾತು ಬಂತಲ್ಲ, ಅಲ್ಲೊಂದು ಲೆಕ್ಕವಿದೆ, ನನ್ನ ತಲೆಯಿಂದ ಹೋಗುವುದೇ ಇಲ್ಲ. ಶಿಲ್ಕಾ ಹೊರುವುದು 2,000 ಗುಂಡು. ಜರ್ಮನಿಯ ಗೆಪಾರ್ಡ್ ತನ್ನ ಎರಡು 35 ಮಿಲಿಮೀಟರ್ ತೋಪುಗಳಿಗೆ ವಿಮಾನ ಹೊಡೆಯಲೆಂದು ಹೊರುವುದು 640 ಗುಂಡು. ಅದರ ವೇಗ ನಿಮಿಷಕ್ಕೆ 1,100. ಎದುರಾಳಿ ಪಾಳಯಗಳ ಎಂಜಿನಿಯರುಗಳು ಬೇರೆ ಬೇರೆ ತೂಕದ, ಬೇರೆ ಬೇರೆ ತೋಪಿನ ವಾಹನ ಕಟ್ಟಿದರು. ಭಾಗಿಸಿ ನೋಡಿ, ಎರಡರದ್ದೂ ನಿಲ್ಲಿಸದೆ ಹಾರಿಸಿದರೆ ಸುಮಾರು 35 ಸೆಕೆಂಡಿನ ಸರಕು. ವಾಹನದ ಗಾತ್ರ ಎಷ್ಟು ಬಿಟ್ಟುಕೊಡುತ್ತದೋ ಅಷ್ಟು. ವೇಗವನ್ನು ಹತ್ತು ಪಟ್ಟು ಮಾಡಿದರೆ ಅದು ಮೂರೂವರೆ ಸೆಕೆಂಡಿನಲ್ಲಿ ಖಾಲಿ. ಆಮೇಲೆ ಆ ಸಿಬ್ಬಂದಿ ಕವಚದೊಳಗೆ ಬರಿಗೈಯಲ್ಲಿ ಕೂತಿರಬೇಕು.

ಬಿಸಿಯದ್ದು ಇನ್ನೊಂದು ಕಾಟ. ಅದಕ್ಕೆ ಉಪಾಯ ರಿಚರ್ಡ್ ಗ್ಯಾಟ್ಲಿಂಗ್ ಅವರ 1862ರ ಪೇಟೆಂಟಿನಲ್ಲೇ ಇದೆ: ಹಲವು ನಳಿಗೆಗಳು ಸುತ್ತುತ್ತ ಸರದಿಯಲ್ಲಿ ಹಾರಿಸುವುದು. ಇಂದಿನ 20 ಮಿಲಿಮೀಟರ್ ವಲ್ಕನ್ ತೋಪು ನಿಮಿಷಕ್ಕೆ 6,000 ಹಾರಿಸಿದರೂ ಆರು ನಳಿಗೆಗಳಲ್ಲಿ ಒಂದೊಂದಕ್ಕೆ ಬೀಳುವುದು ಸಾವಿರ ಮಾತ್ರ. ಅದನ್ನು ಎಂ113ರ ಮೇಲೆ ಕೂರಿಸಿದ ಎಂ163 ವಾಹನದಲ್ಲಿ ಗರಿಷ್ಠ ವೇಗವನ್ನು 3,000ಕ್ಕೆ ಇಳಿಸಿದರು. ಸುತ್ತುವ ನಳಿಗೆಗೆ ಇನ್ನೊಂದು ದೌರ್ಬಲ್ಯವಿದೆ. ಗುಂಡಿ ಒತ್ತಿದ ಕೂಡಲೇ ಅದು ಪೂರ್ಣ ವೇಗಕ್ಕೆ ಬರುವುದಿಲ್ಲ, ಆ ಭಾರವೆಲ್ಲ ಮೊದಲು ತಿರುಗತೊಡಗಬೇಕು. ಗುರಿ ಕಣ್ಣಿಗೆ ಬಿದ್ದು ಮಾಯವಾಗುವುದೇ ಒಂದೆರಡು ಸೆಕೆಂಡಿನಲ್ಲಾದರೆ ಮೊದಲ ಅರ್ಧ ಸೆಕೆಂಡು ಬಹಳ ದುಬಾರಿ. ಒಂದೇ ನಳಿಗೆಯ ಹಿಂದೆ ತೋಟಾ ಕೋಣೆಗಳು ಮಾತ್ರ ಸುತ್ತುವ ರಿವಾಲ್ವರ್ ತೋಪು ಮೊದಲ ಗುಂಡಿನಿಂದಲೇ ಪೂರ್ಣ ವೇಗ ಕೊಡುತ್ತದೆ. ವಾಹನಕ್ಕೆ ಅದೇ ಲೇಸೆಂದು ನನ್ನ ಅಭಿಪ್ರಾಯ.

ವೇಗದ ಮಾತು ಹೀಗಾದರೆ, ಕಣ್ಣಿಲ್ಲದ ವೇಗ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ವಿಮಾನ ಹೊಡೆಯುವ ವಾಹನ 'ಸಾರ್ಜೆಂಟ್ ಯಾರ್ಕ್' ಸಾಕ್ಷಿ. ಟ್ಯಾಂಕಿನ ಚಾಸಿಯ ಮೇಲೆ ಎರಡು 40 ಮಿಲಿಮೀಟರ್ ಬೋಫೋರ್ಸ್ ತೋಪು. ತೋಪುಗಳು ಹಳೆಯವು, ನಂಬಿಕೆಗೆ ಅರ್ಹವಾದವು. ಸೋತಿದ್ದು ಗುರಿಯನ್ನು ಹುಡುಕಿ ಹಿಡಿಯಬೇಕಿದ್ದ ರಾಡಾರ್ ಮತ್ತು ಅದರ ಲೆಕ್ಕಾಚಾರ. 1985ರಲ್ಲಿ ರಕ್ಷಣಾ ಕಾರ್ಯದರ್ಶಿ ಕ್ಯಾಸ್ಪರ್ ವೈನ್‌ಬರ್ಗರ್ ಆ ಯೋಜನೆಯನ್ನೇ ರದ್ದು ಮಾಡಿದರು.

ಈಗ ಸಂದಿ ಮುಚ್ಚುವ ಕೆಲಸ ತೋಪಿನಿಂದ ಗುಂಡಿಗೆ ವರ್ಗವಾಗುತ್ತಿದೆ. 35 ಮಿಲಿಮೀಟರಿನ 'ಅಹೆಡ್' ಗುಂಡನ್ನೇ ತೆಗೆದುಕೊಳ್ಳಿ. ನಳಿಗೆಯ ತುದಿಯಲ್ಲಿರುವ ಸುರುಳಿಗಳು ದಾಟಿಹೋಗುವ ಪ್ರತಿ ಗುಂಡಿನ ವೇಗ ಅಳೆದು, ಎಷ್ಟು ಹೊತ್ತಿಗೆ ಸಿಡಿಯಬೇಕೆಂಬುದನ್ನು ಅದು ಹಾರುತ್ತಿರುವಾಗಲೇ ಅದಕ್ಕೆ ತಿಳಿಸುತ್ತವೆ. ಗುಂಡು ಗುರಿಯ ಮುಂದೆ ಬಿಚ್ಚಿಕೊಂಡು ತಲಾ 3.3 ಗ್ರಾಮಿನ 152 ಟಂಗ್‌ಸ್ಟನ್ ತುಣುಕುಗಳನ್ನು ಚೆಲ್ಲುತ್ತದೆ. ಲಕ್ಷದ ಲೆಕ್ಕದ ವೇಗದಿಂದ ಮೆಟಲ್ ಸ್ಟಾರ್ಮ್ ಮಾಡಹೊರಟಿದ್ದ ದಟ್ಟಣೆಯನ್ನು ಇಲ್ಲಿ ಕೆಲವೇ ಗುಂಡುಗಳು ದೂರದಲ್ಲೇ ಸಾಧಿಸುತ್ತವೆ. ಉಕ್ರೇನಿನಲ್ಲಿ ರಷ್ಯಾ ಹಾರಿಸುವ ಶಾಹೆದ್ ಡ್ರೋನುಗಳನ್ನು ಕೆಡವಲು ಗೆಪಾರ್ಡ್ ಮತ್ತೆ ಬೇಕಾದದ್ದನ್ನು ನೀವೂ ಓದಿರುತ್ತೀರಿ. ಆ ಡ್ರೋನು ವಿಮಾನದಷ್ಟು ವೇಗದ್ದಲ್ಲ, ಗಂಟೆಗೆ 180 ಕಿಲೋಮೀಟರಿನ ಆಸುಪಾಸು. ಅದಕ್ಕೆ ನಿಮಿಷಕ್ಕೆ 1,100 ಗುಂಡಿನ ಹಳೆಯ ವೇಗವೇ ಸಾಕಾಯಿತು.

ಒಂದು ಮಾತನ್ನು ಸೇರಿಸದಿದ್ದರೆ ಈ ಉತ್ತರ ಅರ್ಧವಾಗುತ್ತದೆ. ಗುರಿ ತಪ್ಪಿದ ಗುಂಡೂ ಎಲ್ಲೋ ಬೀಳುತ್ತದೆ. ಹಡಗಿನ ಮೇಲೆ ನಿಮಿಷಕ್ಕೆ 4,500 ಗುಂಡು ಹಾರಿಸುವ ಫ್ಯಾಲಾಂಕ್ಸ್ ತೋಪಿನಲ್ಲಿ ಗಟ್ಟಿ ಲೋಹದ ಗುಂಡು ಬಳಸುತ್ತಾರೆ. ತಪ್ಪಿದ್ದು ಸಮುದ್ರಕ್ಕೆ ಬೀಳುತ್ತದೆ. ಅದೇ ತೋಪನ್ನು ಇರಾಕಿನ ಶಿಬಿರಗಳ ಮೇಲೆ ಬೀಳುವ ರಾಕೆಟ್, ಮಾರ್ಟರುಗಳನ್ನು ತಡೆಯಲು ಟ್ರೇಲರ್ ಮೇಲೆ ಕೂರಿಸಿದಾಗ ಗುಂಡನ್ನೇ ಬದಲಿಸಬೇಕಾಯಿತು. ಸುತ್ತ ಊರು, ಮನೆ, ಮಕ್ಕಳು. ಗುರಿ ತಪ್ಪಿದರೆ ಆಕಾಶದಲ್ಲೇ ತಾನಾಗಿ ಸಿಡಿದು ಚೂರಾಗುವ ಗುಂಡು ಬಂತು. ಒಂದು ಆಯುಧದ ವೇಗ ಹೊಗಳುವವರು ಮೊದಲು ಈ ಪ್ರಶ್ನೆಗೆ ಉತ್ತರ ಕೊಡಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ತೀರ್ಮಾನ ನನ್ನದಾಗಿದ್ದರೆ ಪ್ರತಿ ಟ್ಯಾಂಕಿಗೂ ಇಂಥ ತೋಪು ಕೊಡುತ್ತಿರಲಿಲ್ಲ. ದಂಡಿನ ಜೊತೆ ಸಾಗುವ ಕೆಲವೇ ವಾಹನಗಳಿಗೆ ಒಳ್ಳೆಯ ರಾಡಾರ್, ನಿಮಿಷಕ್ಕೆ ಸಾವಿರದ ಆಸುಪಾಸಿನ ಒಂದು ರಿವಾಲ್ವರ್ ತೋಪು, ಹಾರುತ್ತಲೇ ಸಮಯ ಹೇಳಿಸಿಕೊಳ್ಳುವ ಗುಂಡು, ಇಷ್ಟನ್ನು ಕೊಡುತ್ತಿದ್ದೆ. ಉಳಿದ ವಾಹನಗಳ ಮೈಮೇಲೆ ಓಡ್ವಯರ್ ಅವರ ಯೋಚನೆಗೆ ಒಂದು ಜಾಗ ಇಡುತ್ತಿದ್ದೆ: ನಾಲ್ಕಾರು ಗಿಡ್ಡ ನಳಿಗೆಗಳ ಒಂದು ಪೆಟ್ಟಿಗೆ. ಟ್ಯಾಂಕ್ ನಾಶಕ ರಾಕೆಟ್ ಕೊನೆಯ ಕೆಲವು ಮೀಟರ್ ದೂರದಲ್ಲಿರುವಾಗ ಒಮ್ಮೆ, ಒಂದೇ ಒಮ್ಮೆ ಸಿಡಿಯುವುದು ಅದರ ಕೆಲಸ. ಆ ದೂರದಲ್ಲಿ ಗುಂಡಿನ ವೇಗ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಮತ್ತೆ ತುಂಬಿಸುವ ಕೆಲಸ ದಿನದ ಕೊನೆಗೆ, ಸುರಕ್ಷಿತ ಜಾಗಕ್ಕೆ ಮರಳಿದ ಮೇಲೆ.

— ಸಂಪಾದಕ