ಮನೆ ಕಟ್ಟುವವರ ಪ್ರಶ್ನೆಗಳು: ಹಳೆಯ ಹೆಂಚಿನ ಮನೆಗೆ ಹೊಸ ಕೋಣೆಗಳು

ಪ್ರಶ್ನೆ: ಮಾನ್ಯರೇ, ನಮ್ಮದು ಮಣ್ಣಿನ ಗಾರೆಯಲ್ಲಿ ಜಂಬಿಟ್ಟಿಗೆ ಕಟ್ಟಿ ಹೆಂಚು ಹೊದಿಸಿದ ಹಳೆಯ ಮನೆ. ಅದರ ಪಡುವಣ ಬದಿಗೆ ಎರಡು ಕೋಣೆ ಮತ್ತು ಒಂದು ಬಚ್ಚಲುಮನೆಯನ್ನು ಸೇರಿಸಿ, ಮೇಲೆ ಆರ್‌ಸಿಸಿ ತಾರಸಿ ಹಾಕಿಸಬೇಕೆಂದಿದ್ದೇವೆ. ಮೊದಲು ಹಳೆಯ ಗೋಡೆಯಲ್ಲಿ ಬಾಗಿಲು ಒಡೆದುಕೊಂಡು, ತಾರಸಿಯ ಒಂದು ಅಂಚನ್ನು ಅದೇ ಗೋಡೆಯ ಮೇಲೆ ಕೂರಿಸಿದರೆ ಖರ್ಚು ಉಳಿಯುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಕೈಯಲ್ಲಿರುವ ಹಣ ಒಂದೇ ವರ್ಷದಲ್ಲಿ ಕೆಲಸ ಮುಗಿಸಲು ಸಾಲದು. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಸಿ.
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೇಸ್ತ್ರಿಯವರ ಲೆಕ್ಕದಲ್ಲಿ ಉಳಿಯುವುದು ಒಂದು ಗೋಡೆಯ ಖರ್ಚು ಮಾತ್ರ. ಹಳೆಯ ಮನೆಯ ಪಾಯ ಇಷ್ಟು ವರ್ಷಗಳಲ್ಲಿ ಕುಸಿಯುವಷ್ಟು ಕುಸಿದು ನಿಂತಿದೆ, ಹೊಸದು ಇನ್ನು ಮೇಲೆ ಕುಸಿದು ಕೂರಬೇಕಾಗಿದೆ. ಎರಡನ್ನೂ ಬೆಸೆದರೆ ಕೂಡಿದ ಜಾಗದಲ್ಲೇ ಬಿರುಕು ಬಿಡುತ್ತದೆ, ಮತ್ತು ಪಡುವಣದಿಂದ ಹೊಡೆಯುವ ಇರಚಲಿಗೆ ಅಷ್ಟು ಸಂದು ಧಾರಾಳವಾಗಿ ಸಾಕು. ಐದು ಇಂಚು ದಪ್ಪದ ತಾರಸಿಯು ಚದರ ಮೀಟರಿಗೆ 300 ಕಿಲೋಗೂ ಹೆಚ್ಚು ತೂಗುವುದರಿಂದ, ಹೆಂಚು ಮತ್ತು ಅದನ್ನು ಹೊರುವ ಮರದ ಪಕಾಸಿಗಳ ಭಾರಕ್ಕೆಂದು ಕಟ್ಟಿದ ಮಣ್ಣುಗಾರೆಯ ಗೋಡೆಯ ಮೇಲೆ ಅದನ್ನು ಹೇರುವುದು ಸರಿಯಲ್ಲ. ಹೊಸ ಭಾಗಕ್ಕೆ ತನ್ನದೇ ಪಾಯ, ತನ್ನದೇ ನಾಲ್ಕು ಗೋಡೆ ಇರಲಿ. ನಡುವೆ ಒಂದು ಇಂಚಿನಷ್ಟು ಸಂದು ಬಿಡಿ. ಹೊಸ ಪಾಯದ ಅಗೆತವು ಹಳೆಯ ಪಾಯದ ತಳಕ್ಕಿಂತ ಕೆಳಗಿಳಿಯಬಾರದು. ಹಳೆಯ ಗೋಡೆಯ ಪಕ್ಕದ ಗುಂಡಿಯನ್ನು ಒಂದೇ ಸಲಕ್ಕೆ ಉದ್ದಕ್ಕೂ ತೆಗೆಯದೆ, ತುಂಡು ತುಂಡಾಗಿ ತೆಗೆದು, ಕಟ್ಟಿ, ಮುಂದುವರಿಯಬೇಕು.

ನೀವು ಕೇಳದಿದ್ದರೂ ಹೇಳಲೇಬೇಕಾದ ಸಂಗತಿ ಸೂರಿನ ನೀರಿನದು. ಹಳೆಯ ಮಾಡಿನ ಪಡುವಣ ಇಳಿಜಾರಿನ ನೀರೆಲ್ಲ ಈಗ ಬೀಳುತ್ತಿರುವುದು ನಿಮ್ಮ ಹೊಸ ಕೋಣೆಯ ಜಾಗಕ್ಕೇ. ತಾರಸಿಯು ಸೂರಿಗಿಂತ ಎತ್ತರಕ್ಕೆ ಬಂದರೆ ಆ ನೀರು ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಸೂರನ್ನು ಹಿಂದಕ್ಕೆ ಕತ್ತರಿಸಿ, ಸಂದಿನ ಮೇಲೆ ಕನಿಷ್ಠ ಒಂದಡಿ ಅಗಲದ ತಗಡಿನ ದೋಣಿಯನ್ನು ಎರಡೂ ಕೊನೆಗಳಿಗೆ ಇಳಿಜಾರು ಕೊಟ್ಟು ಕೂರಿಸಬೇಕು. ದರಗು ತುಂಬಿಕೊಂಡಾಗ ಕೈ ಹಾಕಿ ತೆಗೆಯಲು ಅಷ್ಟು ಅಗಲ ಬೇಕು. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇರುವಾಗ ಇಲ್ಲಿ ಜಿಪುಣತನ ಬೇಡ. ನನ್ನನ್ನು ಕೇಳಿದರೆ, ಮಹಡಿ ಎಬ್ಬಿಸುವ ಯೋಚನೆ ಇಲ್ಲದಿದ್ದಲ್ಲಿ ಹೊಸ ಭಾಗಕ್ಕೂ ಹೆಂಚೇ ಮೇಲು. ಮಹಡಿಯ ಯೋಚನೆ ಇದ್ದರೆ ಅದನ್ನು ಈಗಲೇ ಎಂಜಿನಿಯರರಿಗೆ ಹೇಳಿ, ಪಾಯವನ್ನು ಅದಕ್ಕೆ ತಕ್ಕಂತೆ ಹಾಕಿಸಿ.

ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯನ್ನು ಮಳೆಗಾಲದಲ್ಲೇ ಪಡೆದಿಟ್ಟುಕೊಳ್ಳಿ; ಬ್ಯಾಂಕ್ ಸಾಲ ಬೇಕಿದ್ದರೆ ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆಯಾದ ಇ-ಸ್ವತ್ತನ್ನೂ ಸಿದ್ಧಪಡಿಸಿಕೊಳ್ಳಿ. ದೀಪಾವಳಿ ಕಳೆದ ಮೇಲೆ ಪಾಯ ತೆಗೆಯಬಹುದು. ಆದರೆ ಅದೇ ಹೊತ್ತಿಗೆ ಅಡಿಕೆ ಕೊಯ್ಲು ಆರಂಭವಾಗಿ ಆಳುಗಳೂ ಸಿಗುವುದಿಲ್ಲ, ಜಲ್ಲಿ ಮತ್ತು ಮರಳು ಹಾಕಲು ಅಂಗಳವೂ ಬಿಡುವಾಗಿರುವುದಿಲ್ಲ ಎಂಬುದನ್ನು ತೋಟದವರಾದರೆ ನೀವೇ ಬಲ್ಲಿರಿ.

ಹಣ ಸಾಲದಿದ್ದರೆ ಮೊದಲ ವರ್ಷ ಪಂಚಾಂಗ (ಪಾಯದ ಮೇಲೆ ನೆಲಮಟ್ಟದವರೆಗಿನ ಕಟ್ಟೆ) ಮತ್ತು ಅದರ ಮೇಲಿನ ಕಾಂಕ್ರೀಟ್ ಪಟ್ಟಿಯವರೆಗೆ ಕಟ್ಟಿ, ಒಳಗೆ ಮಣ್ಣು ತುಂಬಿ ನಿಲ್ಲಿಸಿ. ಒಂದು ಮಳೆಗಾಲ ಕಳೆದರೆ ತುಂಬಿದ ಮಣ್ಣು ತಾನಾಗಿ ಕೂತು, ಮುಂದೆ ನೆಲ ಕುಸಿಯುವ ಭಯ ಕಡಿಮೆಯಾಗುತ್ತದೆ. ಗೋಡೆಗಳನ್ನು ಅರ್ಧಕ್ಕೆ ಎಬ್ಬಿಸಿ ಮಳೆಗೆ ಒಡ್ಡುವುದು ಮಾತ್ರ ಬೇಡ. ಜಂಬಿಟ್ಟಿಗೆ ನೀರು ಕುಡಿದು ಪಾಚಿಗಟ್ಟುತ್ತದೆ, ಹೊರಗೆ ಉಳಿದ ಕಂಬಿಗಳು ತುಕ್ಕು ಹಿಡಿಯುತ್ತವೆ. ಎರಡನೆಯ ವರ್ಷ ಗೋಡೆ, ಲಿಂಟಲ್‌ಗಳನ್ನು (ಬಾಗಿಲು-ಕಿಟಕಿಗಳ ಮೇಲಿನ ಅಡ್ಡತೊಲೆ) ಮುಗಿಸಿ, ಏಪ್ರಿಲ್‌ನ ಅಡ್ಡಮಳೆ ಬರುವ ಮುಂಚೆ ತಾರಸಿಯನ್ನು ಹಾಕಿಸಿಬಿಡಿ. ಗಿಲಾಯಿ (ಗೋಡೆಗೆ ಗಾರೆ ಬಳಿಯುವುದು), ವೈರಿಂಗ್, ನೆಲದ ಕೆಲಸಗಳನ್ನು ಮಾಡಿನಡಿ ಮಳೆಗಾಲದಲ್ಲೂ ಮಾಡಬಹುದು.

ಹಳೆಯ ಗೋಡೆಯಲ್ಲಿ ಬಾಗಿಲು ತೆಗೆಯುವುದು ಹೊಸ ಮಾಡೂ ದೋಣಿಯೂ ಮುಗಿದ ಮೇಲಿನ ಕೆಲಸ. ಆ ತನಕ ಮನೆಯವರು ಧೂಳಿಲ್ಲದೆ, ಭಯವಿಲ್ಲದೆ ಒಳಗೆ ವಾಸಿಸಬಹುದು. ಒಡೆಯುವಾಗ ಹಳೆಯ ಮಾಡಿಗೆ ಊರೆ (ಆಸರೆ ಕಂಬ) ಕೊಟ್ಟು, ಗೋಡೆಯ ದಪ್ಪದಲ್ಲಿ ಅರ್ಧವನ್ನು ಕೊರೆದು ಒಂದು ಲಿಂಟಲ್ ಕೂರಿಸಿ, ಅದು ಬಿಗಿದ ಮೇಲೆ ಇನ್ನರ್ಧಕ್ಕೆ ಮತ್ತೊಂದನ್ನು ಕೂರಿಸಿ, ಕೊನೆಗೆ ಕೆಳಗಿನ ಕಲ್ಲುಗಳನ್ನು ತೆಗೆಯಬೇಕು.

ಪ್ರಶ್ನೆ: ಹನ್ನೆರಡು ಅಡಿ ಅಗಲದ ಹೊಸ ಕೋಣೆಗೆ ತಾರಸಿ ಹಾಕಿ ಐದು ದಿನಗಳಾಗಿವೆ. ನಾಳೆ ಸೆಂಟ್ರಿಂಗ್ (ತಾರಸಿಯಡಿಯ ಹಲಗೆ ಮತ್ತು ಊರೆಗಳು) ಬಿಚ್ಚಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ, 4.5 ಮೀಟರ್‌ವರೆಗಿನ ಅಗಲದ ತಾರಸಿಯ ಊರೆಗಳನ್ನು ತೆಗೆಯಲು ಕನಿಷ್ಠ 7 ದಿನ, 6 ಮೀಟರ್‌ವರೆಗಿನ ತೊಲೆಗಳಿಗೆ 14 ದಿನ ಬೇಕು. ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಚೀಲದ ಮೇಲೆ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಎಂದಿರುವ ಸಿಮೆಂಟು ನಿಧಾನವಾಗಿ ಬಲಗೊಳ್ಳುವುದರಿಂದ, ಅದನ್ನು ಬಳಸಿದ್ದರೆ ತಾರಸಿಗೂ ಎರಡು ವಾರ ಕಾಯಿರಿ. ಕನಿಷ್ಠ ಮೊದಲ 10 ದಿನ ತಾರಸಿಯ ಮೇಲೆ ನೀರು ಕಟ್ಟಿ ನಿಲ್ಲಿಸಿ.