ಆ ದಿನ ಇಟಲಿಯ ಬಾವುಟ ಏರಲಿಲ್ಲ

ಆತ್ಮೀಯರೇ,

ನೀವು ಕಳಿಸಿದ ‘ಮಾಸ್ಕೋದ ಸಿಡಿಲು’ ಲೇಖನವನ್ನು ನಿನ್ನೆ ರಾತ್ರಿ ಓದಿದೆ. ಇಟಲಿಯ ಜೂಡೊ ಪಟು ಎಝಿಯೊ ಗಾಂಬಾ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದು ಸಂತೋಷ. ಭಾಷೆ ಚೆನ್ನಾಗಿದೆ, ಎಲ್ಲೂ ತಡವರಿಸುವುದಿಲ್ಲ. ಆದರೆ ಎರಡು ಕಡೆ ಮುಂದೆ ಓದಲಾಗದೆ ಹಾಳೆ ಕೆಳಗಿಟ್ಟೆ. ಅಷ್ಟು ಬೇಸರವಾಯಿತು. ಆ ಎರಡರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು 1980ರ ಮಾಸ್ಕೋ ಒಲಿಂಪಿಕ್ಸ್‌ನ 71 ಕೆಜಿ ಫೈನಲ್. ನೀವು ಬರೆದಿರುವುದು ಹೀಗೆ: “ನೀಲಿ ಉಡುಪಿನ ಗಾಂಬಾ ಎದುರಾಳಿಯನ್ನು ಗಾಳಿಗೆ ಎತ್ತಿ ನೆಲಕ್ಕೆ ಅಪ್ಪಳಿಸಿದರು. ಇಡೀ ಮಾಸ್ಕೋ ನಡುಗಿತು.”

‘ನೀಲಿ ಉಡುಪು’ ಆಗ ಎಲ್ಲಿತ್ತು? ಇಬ್ಬರೂ ಬಿಳಿಯನ್ನೇ ತೊಡುತ್ತಿದ್ದರು. ಗುರುತಿಗೆ ಒಬ್ಬರ ಸೊಂಟಕ್ಕೆ ಕೆಂಪು ಪಟ್ಟಿ, ಇನ್ನೊಬ್ಬರಿಗೆ ಬಿಳಿ ಪಟ್ಟಿ. ನೀಲಿ ಬಂದದ್ದು ಎಷ್ಟೋ ವರ್ಷ ಆದಮೇಲೆ.

‘ಎದುರಾಳಿ’ಗೆ ಒಂದು ಹೆಸರಿದೆ ಅಲ್ವಾ? ಅವರು ಬ್ರಿಟನ್ನಿನ ನೀಲ್ ಆಡಮ್ಸ್. ಮರುವರ್ಷವೇ 78 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆದವರು. ಅವರು ಯಾರು ಅಂತಲೇ ಹೇಳದಿದ್ದರೆ, ಅವರನ್ನು ಗೆಲ್ಲುವುದು ಎಷ್ಟು ಕಷ್ಟ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

‘ಎತ್ತಿ ಅಪ್ಪಳಿಸಿದರು.’ ನನಗೆ ಜಾಸ್ತಿ ಚುಚ್ಚಿದ್ದು ಇದು. ಬೆನ್ನು ನೆಲಕ್ಕೆ ಬೀಳುವ ಹಾಗೆ ರಭಸದಿಂದ, ಹಿಡಿತ ತಪ್ಪದೆ ಎಸೆದರೆ ಇಪ್ಪೊನ್, ಪಂದ್ಯ ಅಲ್ಲಿಗೇ ಮುಗಿಯಿತು. ಆ ಫೈನಲ್‌ನಲ್ಲಿ ಇಪ್ಪೊನ್ ಬರಲೇ ಇಲ್ಲ. ಸಮಯ ಮುಗಿಯುವವರೆಗೂ ಇಬ್ಬರೂ ಸೆಣಸಿದರು. ಯಾರ ಕೈ ಮೇಲಾಗಿತ್ತು ಅಂತ ಕೊನೆಗೆ ತೀರ್ಪುಗಾರರು ಹೇಳಬೇಕಾಯಿತು. ಗಾಂಬಾ ಗೆದ್ದದ್ದು ಹಾಗೆ. ಮೈಯಲ್ಲಿ ಇದ್ದ ಶಕ್ತಿಯನ್ನೆಲ್ಲ ಸುರಿದು, ಇನ್ನೊಬ್ಬರ ತೀರ್ಪಿಗಾಗಿ ಕಾದು ನಿಲ್ಲುವ ಆ ಗಳಿಗೆ ಇದೆಯಲ್ಲ, ಇಡೀ ಲೇಖನದ ಜೀವ ಅಲ್ಲಿತ್ತು. ಅದನ್ನು ಬಿಟ್ಟು ಸಿಡಿಲು ತಂದಿರಿ.

ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಒಂದು ಜಾತ್ರೆಯ ಕುಸ್ತಿ ನೋಡಿ ವರದಿ ಮಾಡಲು ಕಳಿಸಿದ್ದರು. ಕೊನೆಯ ಜೋಡಿ ಇನ್ನೂ ಅಖಾಡದಲ್ಲಿರುವಾಗಲೇ ಬಸ್ಸು ತಪ್ಪುತ್ತದೆ ಅಂತ ಎದ್ದು ಬಂದೆ. ‘ಮಿಂಚಿನಂತೆ ಪಟ್ಟು ಹಾಕಿ ಚಿತ್ ಮಾಡಿದರು’ ಅಂತ ಬರೆದುಕೊಟ್ಟೆ. ಅಚ್ಚೂ ಆಯಿತು. ಮೂರನೇ ದಿನ ಒಬ್ಬ ಪೈಲ್ವಾನರು ಕಚೇರಿಗೆ ಬಂದರು. ನಾನು ಸೋಲಿಸಿದ್ದು ಅವರನ್ನೇ. ಕುಸ್ತಿ ಸಮಬಲದಲ್ಲಿ ನಿಂತಿತ್ತಂತೆ. ಜಗಳ ಮಾಡಲಿಲ್ಲ. ನನ್ನ ಮೇಜಿನ ಮುಂದೆ ನಿಂತು, “ಈ ಬೆನ್ನಿಗೆ ಮಣ್ಣು ಹತ್ತಿಲ್ಲ ಸ್ವಾಮಿ” ಅಂದರು. ನಮ್ಮ ಸಂಪಾದಕರು ಅವರಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ತಿದ್ದುಪಡಿಯನ್ನು ಅವರ ಎದುರಿಗೇ ನನ್ನಿಂದ ಬರೆಸಿದರು. ನಾಲ್ಕೇ ಸಾಲು. ಬರೆಯುವಾಗ ಕೈ ನಡುಗಿದ್ದು ಇವತ್ತಿಗೂ ನೆನಪಿದೆ.

ಎರಡನೆಯದು: “ಇಟಲಿಯ ತ್ರಿವರ್ಣ ಏರುತ್ತಿದ್ದಂತೆ, ರಾಷ್ಟ್ರಗೀತೆ ಮೊಳಗುತ್ತಿದ್ದಂತೆ ಗಾಂಬಾ ಕಣ್ಣು ತುಂಬಿತು.”

ಎರಡೂ ನಡೆಯಲಿಲ್ಲ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಅಮೆರಿಕ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು. ಇಟಲಿ ಸರ್ಕಾರ ಅದರ ಪರ ನಿಂತಿತು. ಅಲ್ಲಿನ ಒಲಿಂಪಿಕ್ ಸಮಿತಿ ಮಾತ್ರ ತಂಡ ಕಳಿಸಿತು. ಸೇನೆಯಲ್ಲಿದ್ದ ಕ್ರೀಡಾಪಟುಗಳಿಗೆ ಹೋಗಲು ಬಿಡಲಿಲ್ಲ. ಹೋದವರು ಒಲಿಂಪಿಕ್ ಬಾವುಟದ ಕೆಳಗೆ ಆಡಿದರು. ಗಾಂಬಾ ಚಿನ್ನ ಗೆದ್ದಾಗ ಮೇಲೇರಿದ್ದು ಐದು ಬಳೆಯ ಆ ಬಾವುಟ, ಕೇಳಿಸಿದ್ದು ಒಲಿಂಪಿಕ್ ಗೀತೆ. ಅದೇ ಮಾಸ್ಕೋದಲ್ಲಿ ನಮ್ಮ ಹಾಕಿ ತಂಡವೂ ಚಿನ್ನ ಗೆದ್ದಿತು, ಕೊಡಗಿನ ಎಂ.ಎಂ. ಸೋಮಯ್ಯ ಅದರಲ್ಲಿದ್ದರು. ಅವರಿಗೆ ನಮ್ಮ ತ್ರಿವರ್ಣ ಕಾಣಿಸಿತು, ‘ಜನಗಣಮನ’ ಕೇಳಿಸಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಾಂಬಾ ಏನು ಕಳೆದುಕೊಂಡರು ಅಂತ ಕನ್ನಡದ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ.

ಉಳಿದ ಭಾಗ, ಅಂದರೆ 1984ರ ಲಾಸ್ ಏಂಜಲಿಸ್ ಬೆಳ್ಳಿ, ಆಮೇಲೆ ರಷ್ಯಾ ತಂಡಕ್ಕೆ ಕೋಚ್ ಆಗಿ 2012ರ ಲಂಡನ್‌ನಲ್ಲಿ ಮೂರು ಚಿನ್ನ ಗೆಲ್ಲಿಸಿದ್ದು, ಸದ್ಯಕ್ಕೆ ಹಾಗೇ ಇರಲಿ. ಈ ಎರಡು ಪ್ಯಾರಾ ಮಾತ್ರ ಮತ್ತೆ ಬರೆಯಿರಿ. ಹೆಸರೂ ಬದಲಾಗಬೇಕು, ಸಿಡಿಲು ಬೇಡ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇಟ್ಟಿದ್ದೇನೆ.